ಮಡಕೆಗೆ ಕಿವಿ ಇದೆಯಾ?

ತಿಗರಿ ಮೇಲೆ ಹಸಿ ಮಡಕೆ ತಿರುಗುವಾಗ ಕುಂಬಾರ ಕಡ್ಡಿ ಹಿಡಿದು ಗೆರೆ ಎಳೀತಾನೆ. ಪಕ್ಕದಲ್ಲಿ ಯಾರೋ ಹಾಡ್ತಿದ್ದರೆ ಆ ದನಿಯ ನಡುಕವೂ ಗೆರೆಯಲ್ಲಿ ಉಳಿದಿರಬಹುದಲ್ವಾ? ಗ್ರಾಮಫೋನ್ ತಟ್ಟೆಯ ಲೆಕ್ಕವೂ ಇದೇ ತಾನೆ?

1969ರಲ್ಲಿ ಅಮೆರಿಕದ ರಿಚರ್ಡ್ ವುಡ್‌ಬ್ರಿಜ್ ಇದನ್ನೇ ಯೋಚಿಸಿ, ಮಡಕೆಯ ಮೈಮೇಲೆ ಮುಳ್ಳು ಆಡಿಸಿ ನೋಡಿದರು. ತಿಗರಿಯ ಗುಂಯ್ ಸದ್ದು ಕೇಳಿಸಿತು ಅಂತ ಬರೆದರು. ಆದರೆ ಹಳೇ ಕಾಲದ ಕುಂಬಾರನ ಮಾತನ್ನು ಮಡಕೆಯಿಂದ ಹೊರತೆಗೆದು ತೋರಿಸಿದವರು ಇವತ್ತಿಗೂ ಇಲ್ಲ. ಮಾತಿನ ಕಂಪನ ತೀರಾ ಸಣ್ಣದು. ಅದಕ್ಕೆ ಗಾಳಿಯಲ್ಲಿ ತೆಳ್ಳನೆ ಪೊರೆ ಅದುರುತ್ತೆ, ಕೈಯಲ್ಲಿ ಬಿಗಿಯಾಗಿ ಹಿಡಿದ ಕಡ್ಡಿ ಅಲ್ಲ.

ಆ ಪೊರೆಯ ಕಥೆ ಇನ್ನೂ ಹಳೆಯದು. 1857ರಲ್ಲಿ ಪ್ಯಾರಿಸ್ಸಿನ ಸ್ಕಾಟ್ ದ ಮಾರ್ಟಿನ್‌ವಿಲ್ ಪೊರೆಗೆ ಒಂದು ಬಿರುಗೂದಲು ಸಿಕ್ಕಿಸಿ, ಮಸಿ ಹಿಡಿದ ಕಾಗದದ ಮೇಲೆ ದನಿಯಿಂದಲೇ ಗೆರೆ ಬರೆಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ದನಿಯನ್ನು ನೋಡೋದಷ್ಟೇ ಅವನ ಗುರಿ, ಮತ್ತೆ ಕೇಳಿಸೋದಲ್ಲ. 1885ರಲ್ಲಿ ವೇಲ್ಸ್‌ನ ಗಾಯಕಿ ಮಾರ್ಗರೆಟ್ ವಾಟ್ಸ್ ಹ್ಯೂಸ್ ಪೊರೆ ಬಿಗಿದ ಕೊಳವೆಯೊಳಗೆ ಹಾಡಿದಾಗ, ಪೊರೆ ಮೇಲಿನ ಪುಡಿ ಸ್ವರಕ್ಕೆ ತಕ್ಕಂತೆ ಚಿತ್ತಾರವಾಯ್ತು. ಒದ್ದೆ ಬಣ್ಣ ಹಚ್ಚಿ ಹಾಡಿದರೆ ಹೂವಿನಂಥ ಆಕಾರ ಬರ್ತಿತ್ತು.

ಮಣ್ಣಿನ ಸರದಿ ಬಂದದ್ದು ನಮ್ಮ ಕಾಲದಲ್ಲಿ. ನೆದರ್ಲೆಂಡ್ಸ್‌ನ ಒಲಿವಿಯರ್ ವಾನ್ ಹರ್ಪ್ಟ್ ಜೇಡಿಮಣ್ಣಿನ ತ್ರೀಡಿ ಪ್ರಿಂಟರನ್ನು ತಾವೇ ಕಟ್ಟಿದರು. ಆಮೇಲೆ ಸೌಂಡ್ ಡಿಸೈನರ್ ರಿಕಿ ವಾನ್ ಬ್ರೂಖೋವನ್ ಜೊತೆ ಸೇರಿ ಅದರ ಪೀಠದ ಕೆಳಗೆ ಸ್ಪೀಕರ್ ಇಟ್ಟರು. ಮಣ್ಣಿನ ಎಳೆ ಸುತ್ತು ಸುತ್ತಾಗಿ ಏರುವಾಗ ತಗ್ಗಿನ ದನಿ ಪೀಠವನ್ನು ಅದುರಿಸಿತು, ಹೂದಾನಿಯ ಮೈತುಂಬಾ ನೇಯ್ಗೆಯಂಥ ವಿನ್ಯಾಸ ಮೂಡಿತು.

ಆದರೆ ಆ ಹೂದಾನಿಯನ್ನು ಪ್ಲೇ ಮಾಡೋಕಾಗಲ್ಲ. ಮೆತ್ತನೆ ಮಣ್ಣು ಒಂದಿಷ್ಟು ನುಂಗುತ್ತೆ, ಒಣಗಿ ಬೇಯುವಾಗ ಕುಗ್ಗುತ್ತೆ. ಎಳೆಯ ದಪ್ಪ, ತಿರುಗುವ ವೇಗ, ದನಿಯ ಮಟ್ಟ ಎಲ್ಲವೂ ಮನುಷ್ಯರ ಆಯ್ಕೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ ಇದು ರೆಕಾರ್ಡಿಂಗ್ ಅಲ್ಲ, ಹ್ಯಾಶ್: ದನಿಯಿಂದ ಹೂದಾನಿ ಬರುತ್ತೆ, ಹೂದಾನಿಯಿಂದ ದನಿ ವಾಪಸ್ ಬರಲ್ಲ. ಚಂದ ಇದೆ, ನೆನಪಿನ ಗುರುತೂ ಹೌದು. ದನಿ ಮಾತ್ರ ಅಲ್ಲ.

ಸ್ಕಾಟ್‌ನ ಮಸಿ ಕಾಗದಕ್ಕೆ ಬೇರೆ ಅದೃಷ್ಟ ಇತ್ತು. 1860ರಲ್ಲಿ ಬರೆಸಿದ ಹಾಡಿನ ಗೆರೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಡತದಲ್ಲಿ ಉಳಿದಿತ್ತು. 2008ರಲ್ಲಿ ಕಂಪ್ಯೂಟರ್ ಅದನ್ನು ಓದಿ ಹಾಡಿಸಿತು. ದನಿ ತಾನಾಗಿ ಎಲ್ಲೂ ಅಂಟಿಕೊಳ್ಳಲ್ಲ. ಯಾರಾದರೂ ಹಿಡಿದು, ಜೋಪಾನ ಮಾಡಿ ಇಟ್ಟರಷ್ಟೇ ಉಳಿಯುತ್ತೆ. ರಾಗಿ ಬೀಸುತ್ತಾ ಹಾಡಿದ ಎಷ್ಟೋ ಅಜ್ಜಿಯರ ದನಿ ಯಾವ ಬೀಸುಕಲ್ಲಿನಲ್ಲೂ ಇಲ್ಲ. ಆ ಪದಗಳು ಬರುವವರು ನಿಮ್ಮೂರಲ್ಲಿ ಇನ್ನೂ ಇದ್ದರೆ, ಜೇಬಿನಲ್ಲಿರೋ ಫೋನ್ ಸಾಕು.