ಎಂಟು ಸೆಕೆಂಡುಗಳ ಅಂತರ

ಎದುರುಗಾಳಿಯಲ್ಲಿ ಬೈಸಿಕಲ್ ತುಳಿದವರಿಗೆಲ್ಲ ಒಂದು ಪಾಠ ತಾನಾಗಿಯೇ ತಿಳಿದಿರುತ್ತದೆ. ಎದೆಯೆತ್ತಿ ಕುಳಿತರೆ ಗಾಳಿ ಹಿಂದಕ್ಕೆ ನೂಕುತ್ತದೆ. ಹ್ಯಾಂಡಲ್ಲಿನ ಮೇಲೆ ಬಾಗಿದರೆ ದಾರಿ ತುಸು ಹಗುರವಾಗುತ್ತದೆ. ಶಾಲೆಗೆ ಹೊತ್ತಾದ ಹುಡುಗನಿಗೂ ಗೊತ್ತಿರುವ ಈ ಸಂಗತಿ ಪೂರ್ಣವಾಗಿ ಯಂತ್ರದ ರೂಪ ತಾಳಲು ನೂರು ವರ್ಷಗಳೇ ಹಿಡಿದವು.

ಇಂದಿನ ಆಕಾರದ ಬೈಸಿಕಲ್ 1885ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿತು. ಪಂದ್ಯಗಾರರು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ ಹಿಡಿದು ಬೆನ್ನು ಬಗ್ಗಿಸುವುದನ್ನು ಕಲಿತರು. ಆದರೆ ಅವರ ತೋಳುಗಳು ಭುಜದಗಲ ಚಾಚಿಯೇ ಇದ್ದವು. ಎದೆಯ ಮುಂದಿನ ಬಾಗಿಲು ತೆರೆದೇ ಇತ್ತು. ಗಾಳಿ ಅದರೊಳಗೆ ನುಗ್ಗುತ್ತಿತ್ತು.

ಇದೇನು ಅಲ್ಪ ನಷ್ಟವಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವವನ ಶ್ರಮದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಆ ತಡೆಯಲ್ಲಿ ಬಹುಪಾಲು ಸವಾರನ ಮೈಯದು, ಯಂತ್ರದ್ದಲ್ಲ. ಗಾಳಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ವೇಗವನ್ನು ನೂರಕ್ಕೆ 10ರಷ್ಟು ಹೆಚ್ಚಿಸಲು ನೂರಕ್ಕೆ 33ರಷ್ಟು ಹೆಚ್ಚು ಶಕ್ತಿ ಬೇಕು. ಆದ್ದರಿಂದ ಕಾಲಿನ ಬಲ ಕೂಡಿಸುವುದಕ್ಕಿಂತ ಮೈಯ ಅಗಲ ಕಳೆಯುವುದೇ ಅಗ್ಗದ ಉಪಾಯ.

ಈ ಉಪಾಯವನ್ನು ಅಂಗಡಿಗೆ ತಂದವನು ಬೂನ್ ಲೆನ್ನನ್ ಎಂಬ ಅಮೆರಿಕದ ಹಿಮಜಾರಾಟದ ತರಬೇತುದಾರ. ಬೆಟ್ಟದ ಇಳಿಜಾರಿನಲ್ಲಿ ಧಾವಿಸುವ ಸ್ಕೀ ಆಟಗಾರ ಕೈಗಳನ್ನು ಜೋಡಿಸಿ ಮುಖದ ಮುಂದೆ ಚಾಚಿ ಮೈಯನ್ನು ಮುದುಡಿಕೊಳ್ಳುತ್ತಾನೆ. ಅದೇ ಭಂಗಿ ಬೈಸಿಕಲ್ಲಿನ ಮೇಲೆ ಏಕೆ ಬರಬಾರದೆಂದು ಅವನು ಯೋಚಿಸಿದ. 1987ರಲ್ಲಿ ಸ್ಕಾಟ್ ಸಂಸ್ಥೆಯ ಮೂಲಕ ಹೊರಬಂದ ಅವನ ಹ್ಯಾಂಡಲ್ಲಿನಲ್ಲಿ ಮೊಣಕೈ ಊರಲು ಮೆತ್ತೆಗಳಿದ್ದವು. ಹಿಡಿ ಮುಂದಕ್ಕೆ ಚಾಚಿತ್ತು.

ಅದನ್ನು ಮೊದಲು ಬರಮಾಡಿಕೊಂಡವರು ಟ್ರಯತ್ಲಾನ್ ಪಟುಗಳು. ಅವರದು ಹೊಸ ಕ್ರೀಡೆ, ಮುರಿಯಬೇಕಾದ ಹಳೆಯ ಸಂಪ್ರದಾಯವಿರಲಿಲ್ಲ. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ನಡೆದ ಮೊದಲ ಐರನ್‌ಮ್ಯಾನ್ ಪಂದ್ಯಕ್ಕೆ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಸುಮಾರು 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಬೈಸಿಕಲ್, ಆಮೇಲೆ 42 ಕಿಲೋಮೀಟರ್ ಓಟ! ಇನ್ನೊಬ್ಬನ ಬೆನ್ನ ಮರೆಯಲ್ಲಿ ಸಾಗಲು ಅಲ್ಲಿ ಅಪ್ಪಣೆಯಿಲ್ಲ. ಗಾಳಿಯೊಡನೆ ಒಬ್ಬೊಬ್ಬನೇ ಸೆಣಸಬೇಕು.

ಜಗತ್ತಿನ ಕಣ್ಣು ತೆರೆದದ್ದು 1989ರ ಜುಲೈ 23ರಂದು. ಟೂರ್ ದ ಫ್ರಾನ್ಸ್ ಪಂದ್ಯದ ಕೊನೆಯ ದಿನ, ವರ್ಸೇಲ್ಸಿನಿಂದ ಪ್ಯಾರಿಸಿಗೆ 24.5 ಕಿಲೋಮೀಟರ್. ಫ್ರಾನ್ಸಿನ ಲೊರಾಂ ಫಿನ್ಯೋಂ 50 ಸೆಕೆಂಡು ಮುಂದಿದ್ದ. ಹಿಂದಿದ್ದವನು ಅಮೆರಿಕದ ಗ್ರೆಗ್ ಲೆಮಾಂಡ್. 1987ರಲ್ಲಿ ಬೇಟೆಯ ವೇಳೆ ಆಕಸ್ಮಿಕವಾಗಿ ಗುಂಡೇಟು ತಿಂದು ಸಾವಿನ ಬಾಯಿಂದ ಪಾರಾಗಿ ಬಂದವನು. ಲೆಮಾಂಡ್ ಹೊಸ ಹ್ಯಾಂಡಲ್ಲಿನ ಮೇಲೆ ಮುದುಡಿ ಕುಳಿತ. ಫಿನ್ಯೋಂ ಬರಿತಲೆಯಲ್ಲಿ, ಹಳೆಯ ರೀತಿಯ ಹ್ಯಾಂಡಲ್ ಹಿಡಿದು ಹೊರಟ. ಆ ದಿನ ಲೆಮಾಂಡ್ 58 ಸೆಕೆಂಡು ಗಳಿಸಿ, ಮೂರು ವಾರಗಳ ಪಂದ್ಯವನ್ನು 8 ಸೆಕೆಂಡುಗಳಿಂದ ಗೆದ್ದ. ಫಿನ್ಯೋಂ ಅಂದು ಜೀನಿನ ಹುಣ್ಣಿನಿಂದಲೂ ನರಳುತ್ತಿದ್ದ. ಗೆಲುವೆಲ್ಲ ಹ್ಯಾಂಡಲ್ಲಿನದೇ ಎನ್ನುವುದು ನ್ಯಾಯವಲ್ಲ. ಆದರೂ ಆ ದಿನದಿಂದ ಅದನ್ನು ನಗುವವರು ಇಲ್ಲವಾದರು.

ಮುಂದಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಒಬ್ಬನಿಗೆ ಒಗ್ಗಿದ ಭಂಗಿ ಇನ್ನೊಬ್ಬನಿಗೆ ಒಗ್ಗುವುದೇ? ದರ್ಜಿ ಅಳತೆಯಿಲ್ಲದೆ ಅಂಗಿ ಹೊಲಿಯುವನೇ? ಮೊಣಕೈಗಳು ತೀರ ಹತ್ತಿರವಾದರೆ ಹ್ಯಾಂಡಲ್ಲಿನ ಮೇಲಿನ ಹತೋಟಿ ತಪ್ಪುತ್ತದೆ. ಎದೆ ತೀರ ತಗ್ಗಿದರೆ ತೊಡೆ ಹೊಟ್ಟೆಗೆ ಒತ್ತಿ ಉಸಿರು ಕಟ್ಟುತ್ತದೆ. ಬೈಸಿಕಲ್ಲಿನಿಂದಿಳಿದು ಓಡಬೇಕಾದವನಿಗೆ ಸೊಂಟ ಸೆಟೆದರೆ ಗಳಿಸಿದ ಹೊತ್ತೆಲ್ಲ ವ್ಯರ್ಥ. ಆದ್ದರಿಂದಲೇ ಮೆತ್ತೆಯ ಅಗಲ, ಎತ್ತರ, ಹಿಡಿಯ ಉದ್ದ, ಓರೆ ಇವೆಲ್ಲವನ್ನೂ ತಿರುಪು ಸಡಿಲಿಸಿ ಹೊಂದಿಸುವ ಏರ್ಪಾಡು ಬೆಳೆಯಿತು. ಜೀನನ್ನು ಮುಂದಕ್ಕೆ ಸರಿಸಿದರೆ ಬಾಗಿದ ಮೈಯಲ್ಲೂ ಸೊಂಟ ಸಡಿಲವಾಗಿರುತ್ತದೆ. ಒಂದು ಅಪಾಯ ಮಾತ್ರ ಉಳಿಯಿತು: ಕೈ ಮುಂದಕ್ಕೆ ಚಾಚಿದಾಗ ಬ್ರೇಕು ಬೆರಳಿಗೆ ಎಟುಕುವುದಿಲ್ಲ.

ಎಲ್ಲಿಯವರೆಗೆ ಇದು ಮನುಷ್ಯನ ಬಲ, ಎಲ್ಲಿಂದ ಯಂತ್ರದ ಚಮತ್ಕಾರ? ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾನೇ ಕಟ್ಟಿದ, ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಹಾಕಿದ ಬೈಸಿಕಲ್ಲಿನ ಮೇಲೆ ತೋಳುಗಳನ್ನು ಎದೆಯಡಿ ಮಡಿಸಿ ಕುಳಿತು, 1993ರಲ್ಲಿ ಒಂದು ಗಂಟೆಗೆ 51.596 ಕಿಲೋಮೀಟರ್ ಸಾಗಿ ವಿಶ್ವದಾಖಲೆ ಸ್ಥಾಪಿಸಿದ. ಆರೇ ದಿನಗಳಲ್ಲಿ ಕ್ರಿಸ್ ಬೋರ್ಡ್‌ಮನ್ ಅದನ್ನು ಮುರಿದ. ಮರುವರ್ಷ ಅಂತರರಾಷ್ಟ್ರೀಯ ಸೈಕಲ್ ಸಂಘ ಓಬ್ರಿಯ ಭಂಗಿಯನ್ನೇ ನಿಷೇಧಿಸಿತು. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿದ ಆ ಸಂಘವೂ 2023ರಲ್ಲಿ ಸವಾರರ ಎತ್ತರವನ್ನು ನೋಡಿ ಮೂರು ವರ್ಗಗಳ ಅಳತೆಗಳನ್ನು ಜಾರಿಗೆ ತಂದಿತು.

ಮನುಷ್ಯ ಯಂತ್ರಕ್ಕೆ ಒಗ್ಗುವುದಲ್ಲ, ಯಂತ್ರ ಮನುಷ್ಯನಿಗೆ ಒಗ್ಗಬೇಕು. ಒಂದು ಕೊಳವೆ, ಎರಡು ಮೆತ್ತೆ, ನಾಲ್ಕು ತಿರುಪು ಹೇಳುವುದು ಇಷ್ಟೇ.