ಹೆಸರು ಬಿಡಿಸುವ ತಿಂಗಳಲ್ಲಿ ಕಬಡ್ಡಿ

ಧಾರವಾಡ ಜಿಲ್ಲೆಯ ಹಳ್ಳಿ ಶಾಲೆಗಳ ಕಬಡ್ಡಿಗೆ ಸ್ಥಾಪಕರಿಲ್ಲ, ಸ್ವಂತ ಕಟ್ಟಡವಿಲ್ಲ, ಗೋಡೆಯ ಮೇಲೆ ಅಧ್ಯಕ್ಷರ ಫೋಟೋಗಳ ಸಾಲೂ ಇಲ್ಲ. ಇರುವುದು ಒಂದು ಸೀಜನ್. ಶಾಲೆ ಶುರುವಾಗಿ ಒಂದೆರಡು ತಿಂಗಳಿಗೆ ವಲಯ ಮಟ್ಟ, ಅದರ ಬೆನ್ನಿಗೆ ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ಕೊನೆಗೆ ರಾಜ್ಯ. ಸೋತವರು ಮನೆಗೆ, ಗೆದ್ದವರು ಮುಂದಿನ ಊರಿಗೆ. ಗೆದ್ದ ತಂಡಗಳ ಪಟ್ಟಿಯನ್ನು ಯಾರಾದರೂ ಬರೆದಾರು. ಈ ಸೀಜನ್ ಯಾರ ಕೈಯಲ್ಲಿತ್ತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

1956ರ ನವೆಂಬರ್ 1ರವರೆಗೆ ಈ ಭಾಗ ಮುಂಬಯಿ ರಾಜ್ಯದಲ್ಲಿತ್ತು. ಕುಂದಗೋಳವಂತೂ 1948ರ ತನಕ ಜಮಖಂಡಿ ಸಂಸ್ಥಾನದ ತಾಲ್ಲೂಕು. ಹಾಗಾಗಿ ಹಿರಿಯರ ಬಾಯಲ್ಲಿ ಆಟಕ್ಕೆ ಮರಾಠಿ ಸೀಮೆಯ ಹುತುತು ಎಂಬ ಹೆಸರೂ ಉಂಟು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅಲ್ಲಿ ಆಡಿ ತೋರಿಸಿದ್ದು ಇದೇ ಆಟ. 1950ರಲ್ಲಿ ಅಖಿಲ ಭಾರತ ಮಟ್ಟದ ಫೆಡರೇಶನ್ ಆಯಿತು, ನಿಯಮಗಳು ಒಂದು ಹದಕ್ಕೆ ಬಂದವು.

ನಿಯಮ ಬಂದರೂ ನೆಲ ಬದಲಾಗಲಿಲ್ಲ. ನವಲಗುಂದ, ಅಣ್ಣಿಗೇರಿ ಅಂದರೆ ಕಪ್ಪು ಮಣ್ಣಿನ ಯರಿ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆಗಾಲದಲ್ಲಿ ಒಂದು ಹೆಜ್ಜೆಗೆ ಒಂದು ಸೇರು ಮಣ್ಣು. ಅಂಥ ನೆಲದಲ್ಲಿ ಅಂಕಣ ಮಾಡುವುದೆಂದರೆ ಮೇಲಿನ ಪದರ ಕೆತ್ತಿ ತೆಗೆದು, ಟ್ರ್ಯಾಕ್ಟರಿನಲ್ಲಿ ಗರಸು ತಂದು ಹಾಸಿ, ಮೇಲೆ ಸಣ್ಣ ಮಣ್ಣು ಚೆಲ್ಲಿ, ನೀರು ಹೊಡೆದು, ರೋಲರ್ ಎಳೆಯಬೇಕು. ದೊಡ್ಡ ಹುಡುಗರಿಗೆ 13 ಮೀಟರ್ ಉದ್ದ 10 ಮೀಟರ್ ಅಗಲ, ಹೆಣ್ಣುಮಕ್ಕಳಿಗೆ 12ಕ್ಕೆ 8. ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದು ಮುಗಿಸುವಷ್ಟರಲ್ಲಿ ಒಂದು ಮಳೆ ಬಂತೆಂದರೆ ಬೋನಸ್ ಗೆರೆ ಎಲ್ಲಿತ್ತೆಂದು ಅಂಪೈರಿಗೇ ನೆನಪಿರಬೇಕು. ಬೆಣ್ಣಿಹಳ್ಳ, ತುಪರಿಹಳ್ಳ ಬಂದವೆಂದರೆ ತಂಡಗಳೇ ಬರುವುದಿಲ್ಲ. ಕಲಘಟಗಿಯವರದು ಕೆಂಪು ಮಣ್ಣು, ಅಲ್ಲಿ ನೀರು ಬೇಗ ಬಸಿಯುತ್ತದೆ. ಮಳೆಯ ನಡುವೆಯೂ ದಿನಾ ಅಭ್ಯಾಸ ಮಾಡಲು ಸಿಗುವುದು ಅವರಿಗೆ ಒಂದು ದೊಡ್ಡ ಅನುಕೂಲ.

ನೆಲಕ್ಕಿಂತ ದೊಡ್ಡ ತೊಡಕು ಹೆಸರು ಬೆಳೆಯದು. ಜೂನ್ ಮಳೆಗೆ ಬಿತ್ತಿದ ಹೆಸರು 60-65 ದಿನಕ್ಕೆ ಬರುತ್ತದೆ, ಅಂದರೆ ಆಗಸ್ಟ್‌ನಲ್ಲಿ. ಕಾಯಿ ಕಪ್ಪಾದ ಮೇಲೆ ಒಂದು ಜಿಟಿಜಿಟಿ ಮಳೆ ಹಿಡಿದರೆ ಗಿಡದಲ್ಲೇ ಮೊಳಕೆ. ತಾಲ್ಲೂಕು ಮಟ್ಟದ ಪಂದ್ಯ ಬೀಳುವುದೂ ಹೆಚ್ಚುಕಡಿಮೆ ಅದೇ ವಾರದಲ್ಲಿ. ಪಂದ್ಯದ ಹಿಂದಿನ ಸಂಜೆ ಪಿ.ಟಿ. ಮಾಸ್ತರರು ಬೈಕ್ ಹತ್ತಿ ಮನೆ ಮನೆಗೆ ಹೋಗುವುದು ಇಲ್ಲಿನ ಪದ್ಧತಿ.

“ಸರ್, ಹೆಸರ ಬಿಡಿಸೂದೈತ್ರಿ. ಇವನ ಕೂಲಿ ಯಾರ ಕೊಡ್ತಾರ?”

“ಒಂದ ದಿನಾರಿ ಯಜಮಾನ್ರ. ಸಂಜಿಕ ನಾನ ತಂದ ಬಿಡ್ತೀನಿ.”

ಹುಡುಗ ಬಾಗಿಲ ಹಿಂದೆ ನಿಂತು ಅಪ್ಪನ ಮುಖ ನೋಡುತ್ತಿರುತ್ತಾನೆ. ಎಷ್ಟೋ ಒಳ್ಳೆಯ ರೈಡರ್‌ಗಳು ಸೋತದ್ದು ಅಂಕಣದಲ್ಲಲ್ಲ, ಈ ಪಡಸಾಲೆಯಲ್ಲಿ.

ಕೂಲಿಯ ಈ ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವವರು ಇಂಗ್ಲೆಂಡಿನ ಕಥೆ ಕೇಳಬೇಕು. ಅಲ್ಲಿನ ಉತ್ತರ ಭಾಗದಲ್ಲಿ ಗಣಿ, ಗಿರಣಿಗಳ ಕಾರ್ಮಿಕರು ಶನಿವಾರದ ಕೂಲಿ ಬಿಟ್ಟು ರಗ್ಬಿ ಆಡಲು ಹೋಗುತ್ತಿದ್ದರು. ಕಳೆದುಕೊಂಡ ಕೂಲಿಯನ್ನಾದರೂ ಕೊಡಿ ಎಂದರೆ ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಬೇರೆ ಸಂಘವನ್ನೇ ಕಟ್ಟಿದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ನಮ್ಮಲ್ಲಿ ಯಾರೂ ಬೇರೆಯಾಗಲಿಲ್ಲ, ಮಾಸ್ತರರು ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡರು ಅಷ್ಟೇ.

ನಕಾಶೆಯೂ ಈ ಸೀಜನ್ನನ್ನು ಬದಲಿಸಿದೆ. 1997ರವರೆಗೆ ಧಾರವಾಡ 17 ತಾಲ್ಲೂಕುಗಳ ಜಿಲ್ಲೆ. ಜಿಲ್ಲಾ ಮಟ್ಟ ಅಂದರೆ ರಾಣೆಬೆನ್ನೂರು, ಹಿರೇಕೆರೂರು, ರೋಣ, ಮುಂಡರಗಿ ಎಲ್ಲ ಒಂದೇ ಕಣದಲ್ಲಿ. ಅಲ್ಲಿ ಗೆದ್ದವರಿಗೆ ರಾಜ್ಯ ಮಟ್ಟ ಅಂಥ ದೂರ ಅನಿಸುತ್ತಿರಲಿಲ್ಲ. ಗದಗ, ಹಾವೇರಿ ಬೇರೆಯಾದ ಮೇಲೆ ಉಳಿದದ್ದು 5. ಅದರಲ್ಲಿ ಹುಬ್ಬಳ್ಳಿ, ಧಾರವಾಡ ಪೇಟೆಯ ಶಾಲೆಗಳು ಒಂದು ಕಡೆ, ಕುಂದಗೋಳ, ಕಲಘಟಗಿ, ನವಲಗುಂದದ ಹಳ್ಳಿಗಳು ಇನ್ನೊಂದು ಕಡೆ. ಹಳ್ಳಿ ತಂಡಕ್ಕೆ ಜಿಲ್ಲಾ ಫೈನಲ್ ಹತ್ತಿರವಾಯಿತು ನಿಜ. ಆದರೆ ಆಡಿ ಪಳಗುವ ಅವಕಾಶ ಕಡಿಮೆಯಾಯಿತು ಎಂದೇ ನನ್ನ ಲೆಕ್ಕ. ಮುಂದೆ ಅಣ್ಣಿಗೇರಿ, ಅಳ್ನಾವರ ತಾಲ್ಲೂಕುಗಳಾದವು. ಒಂದು ಕಾಲಕ್ಕೆ ನವಲಗುಂದದ ಜರ್ಸಿ ಹಾಕಿ ಆಡಿದ ಅಣ್ಣಿಗೇರಿಯವರು ಈಗ ಎದುರಾಳಿಗಳೆಂದು ತಮಾಷೆ ಮಾಡುವುದುಂಟು.

2014ರಲ್ಲಿ ಪ್ರೊ ಕಬಡ್ಡಿ ಟಿ.ವಿ.ಗೆ ಬಂತು. ಜಾತ್ರೆಯ ಹೊನಲು ಬೆಳಕಿನ ಪಂದ್ಯಾವಳಿಗಳಿಗೆ ಕಳೆ ಏರಿತು, ಪೋಸ್ಟರ್‌ಗಳಲ್ಲಿ ‘55 ಕೆ.ಜಿ. ಒಳಗಿನವರಿಗೆ’ ಎಂಬ ಸಾಲು ಊರೂರಲ್ಲಿ ಕಾಣತೊಡಗಿತು. ಕಾಟಾ ಹತ್ತುವ ಮುನ್ನ ಬೆಳಗಿನ ರೊಟ್ಟಿ ಬಿಟ್ಟು, ಶರ್ಟು ಬಿಚ್ಚಿ, ಉಸಿರು ಬಿಗಿಹಿಡಿದು ನಿಲ್ಲುವ ಹುಡುಗರನ್ನು ನೋಡಬೇಕು, ಉಸಿರು ಹಿಡಿದರೆ ತೂಕ ಇಳಿಯುತ್ತದೆಂದು ಅವರಿಗೆ ಯಾರು ಹೇಳಿದರೋ! ಏಳನೇ ಕ್ಲಾಸಿನವರೂ ಸೂಪರ್ ಟ್ಯಾಕಲ್, ಡು ಆರ್ ಡೈ ಎಂದು ಮಾತಾಡುತ್ತಾರೆ. ಮೇಲಿನ ಮಟ್ಟದಲ್ಲಿ ಮಾತ್ರ ಮ್ಯಾಟು ಹಾಸಿರುತ್ತಾರೆ. ಬರಿಗಾಲಲ್ಲಿ ಮಣ್ಣಿನ ಮೇಲೆ ಬೆಳೆದ ಹುಡುಗ ಅಲ್ಲಿ ಸಾಲದ ಬೂಟು ಹಾಕಿ ಇಳಿಯುತ್ತಾನೆ. ತಿರುಗುವಾಗ ಅರ್ಧ ಹೆಜ್ಜೆ ತಡ, ಅಷ್ಟರಲ್ಲಿ ಕಾರ್ನರ್‌ನವ ಕಣಕಾಲು ಹಿಡಿದಿರುತ್ತಾನೆ.

2020ರಲ್ಲಿ ಕೊರೋನಾದಿಂದ ಶಾಲೆಗಳೇ ಮುಚ್ಚಿದವು. ಆ ವರ್ಷ ಎಂಟನೇ, ಒಂಬತ್ತನೇ ತರಗತಿಯಲ್ಲಿದ್ದವರಿಗೆ ಸೀಜನ್ನೇ ಸಿಗಲಿಲ್ಲ. ಅವರಲ್ಲಿ ಹಲವರ ವಯಸ್ಸು ಮೀರಿತು, ಆಡಿದ ಪ್ರಮಾಣಪತ್ರವೂ ಇಲ್ಲ.

ತಾಲ್ಲೂಕುಗಳ ದೈಹಿಕ ಶಿಕ್ಷಣ ಶಿಕ್ಷಕರಿಗೆ ಒಂದು ವಿನಂತಿ ಇದೆ. ನವಲಗುಂದ, ಅಣ್ಣಿಗೇರಿಯ ಪಂದ್ಯಗಳನ್ನು ಹೆಸರು ಕಾಯಿ ಕಟ್ಟುವ ಮುನ್ನವೇ, ಜುಲೈ ಮೊದಲ ಪಾಕ್ಷಿಕದಲ್ಲಿ ಮುಗಿಸಬಹುದು. ಕಲಘಟಗಿಯಲ್ಲಿ ಆ ಹೊತ್ತಿಗೆ ಭತ್ತ, ಗೋವಿನಜೋಳದ ಕಳೆ ಕೆಲಸ ಇರುತ್ತದೆ, ಅಲ್ಲಿ ಆಗಸ್ಟ್ ಆದರೆ ಲೇಸು. ಇಡೀ ಜಿಲ್ಲೆಗೆ ಒಂದೇ ವಾರ ಗೊತ್ತುಮಾಡಬೇಕಿಲ್ಲ. ವೇಳಾಪಟ್ಟಿ ಬರೆಯುವ ಸಭೆಗೆ ಹೋಗುವ ಮುನ್ನ ಒಮ್ಮೆ ಹೊಲದ ಕಡೆ ಹೋಗಿ ಬಂದರೆ ಸಾಕು.