ಹಳೆಯ ವಿಳಾಸಕ್ಕೂ ಒಂದು ದಾರಿ ಇರಲಿ

ಬೆಂಗಳೂರಿನ ಚಾಮರಾಜಪೇಟೆ ತಲೆಯೆತ್ತಿದ್ದು 1892ರಲ್ಲಿ. ಪ್ಲೇಗ್ ಮಾರಿ ಪೇಟೆಯ ಜನರನ್ನು ಹೊರಗಟ್ಟಿದ 1898ರಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿಕೊಂಡವು. ಆಮೇಲೆ ಈ ಬಡಾವಣೆಗಳ ಎಷ್ಟೋ ರಸ್ತೆಗಳು ಹೆಸರು ಬದಲಿಸಿವೆ. 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದ ಬ್ರಿಟಿಷ್ ರಾಜಕುಮಾರನ ಹೆಸರು ಹೊತ್ತಿದ್ದ ಚಾಮರಾಜಪೇಟೆಯ ಆಲ್ಬರ್ಟ್ ವಿಕ್ಟರ್ ರಸ್ತೆ, ಕರ್ನಾಟಕದ ಏಕೀಕರಣಕ್ಕೆ ಬದುಕನ್ನೇ ತೇದ ಆಲೂರು ವೆಂಕಟರಾಯರ ರಸ್ತೆಯಾಯಿತು. ಬಸವನಗುಡಿಯ ನಾಗಸಂದ್ರ ರಸ್ತೆ ಡಿ.ವಿ.ಜಿ. ರಸ್ತೆಯಾಯಿತು. ಎರಡೂ ನ್ಯಾಯವಾದ ಗೌರವಗಳೇ. ಆದರೆ ಹಳೆಯ ವಿಳಾಸ ಹಿಡಿದು ಬಂದವನೂ ಸರಿಯಾದ ಬಾಗಿಲಿಗೆ ಮುಟ್ಟಿದಾಗ ಮಾತ್ರ ಹೆಸರಿಡುವ ಕೆಲಸ ಮುಗಿಯಿತು ಎನ್ನಬೇಕು.

ಇದರ ಅಗತ್ಯ ಕಾಣುವುದು ಹಳೆಯ ಕ್ರಯಪತ್ರಗಳಲ್ಲಿ. ಆಸ್ತಿಯ ಗುರುತು ಬರೆದ ಷೆಡ್ಯೂಲಿನಲ್ಲಿ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಸೈಟು, ಉತ್ತರಕ್ಕೆ ಯಾವ ರಸ್ತೆ. ರಸ್ತೆಯ ಹೆಸರು ಬದಲಾದರೂ ಪತ್ರದ ಅಕ್ಷರ ಬದಲಾಗುವುದಿಲ್ಲ. ಹಾಗಾಗಿ ಮೊಮ್ಮಕ್ಕಳು ಭಾಗ ಮಾಡಿಕೊಳ್ಳುವಾಗ ಎರಡೂ ಒಂದೇ ರಸ್ತೆ ಎಂದು ತೋರಿಸಿಕೊಡಬೇಕಾಗುತ್ತದೆ.

ಅಂತರ್ಜಾಲ ಕಟ್ಟಿದವರು ಈ ತೊಡಕನ್ನು ಮೊದಲೇ ಕಂಡುಕೊಂಡಿದ್ದರು. ಜಾಲಪುಟಗಳನ್ನು ಕೇಳಿ ಪಡೆಯುವ ನಿಯಮಾವಳಿಯಾದ ಎಚ್‌ಟಿಟಿಪಿಯ 1996ರ ದಾಖಲೆಯಲ್ಲಿ 301 ಎಂಬ ಸಂಕೇತ ಬಂದರೆ ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎಂದರ್ಥ, 302 ಬಂದರೆ ಸದ್ಯಕ್ಕೆ ಮಾತ್ರ. ಹಳೆಯ ವಿಳಾಸ ಕೇಳಿದವನಿಗೆ ಹೊಸದು ಸಿಗುತ್ತದೆ. ಪೈಥಾನ್ ಭಾಷೆಯ ‘ರಿಕ್ವೆಸ್ಟ್ಸ್’ ಲೈಬ್ರರಿ ಆ ಜಾಡು ಹಿಡಿದು ಹೋಗಿ, ದಾಟಿದ ಪ್ರತಿ ಹೆಜ್ಜೆಯನ್ನೂ ದಾಖಲಿಸಿಕೊಳ್ಳುತ್ತದೆ. ಒಂದರಿಂದೊಂದಕ್ಕೆ ಸುತ್ತುತ್ತಲೇ ಇರಬಾರದೆಂದು ಸಾಮಾನ್ಯವಾಗಿ 30 ತಿರುವುಗಳಿಗೆ ನಿಲ್ಲಿಸುತ್ತದೆ. ದಾರಿ ತೋರುವುದು, ಬಂದ ದಾರಿಯ ಲೆಕ್ಕ ಇಡುವುದು, ಕೊನೆಯಿಲ್ಲದ ಸುತ್ತಾಟ ತಡೆಯುವುದು: ರಸ್ತೆಗೆ ಹೊಸ ಹೆಸರಿಡುವ ನಗರಾಡಳಿತಕ್ಕೂ ಇವೇ ಮೂರು ಹೊಣೆಗಳು.

ಹಳೆಯ ಹೆಸರನ್ನು ಉಳಿಸಿಕೊಂಡರೆ ಪರಕೀಯ ಆಳ್ವಿಕೆಗೇ ಮಣೆ ಹಾಕಿದಂತಾಗುತ್ತದೆ ಎನ್ನುವವರಿದ್ದಾರೆ. ಆ ಕಳಕಳಿಯಲ್ಲಿ ತಥ್ಯವಿದೆ. ಆದರೆ ಗೌರವ ಸಲ್ಲುವುದು ಫಲಕದ ಮೇಲಿನ ಹೆಸರಿಗೆ. ಕಡತದಲ್ಲಿ ‘ಹಿಂದಿನ ಹೆಸರು’ ಎಂದು ಬರೆದಿಡುವುದು ಬರೀ ದಾಖಲೆ. ಆಲ್ಬರ್ಟ್ ವಿಕ್ಟರನ ಗುರುತನ್ನೇ ಅಳಿಸಿಬಿಟ್ಟರೆ, ಆ ಜಾಗವನ್ನು ಆಲೂರರು ಪಡೆದದ್ದರ ಅರ್ಥವೂ ಮಸುಕಾಗುತ್ತದೆ.

1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದ ಮೇಲೆ ಈ ಚಿಂತೆ ಯಾಕೆ ಎಂದೂ ಕೇಳಬಹುದು. ರಸ್ತೆಗೆ ಎಷ್ಟು ಸಲ ಹೆಸರಿಟ್ಟರೂ ಬಸವನಗುಡಿ 560004, ಚಾಮರಾಜಪೇಟೆ 560018 ಆಗಿಯೇ ಉಳಿಯುತ್ತವೆ, ನಿಜ. ಆದರೆ ಆ ಆರು ಅಂಕಿಗಳು ಕಾಗದವನ್ನು ಮುಟ್ಟಿಸುವುದು ಅಂಚೆ ಕಚೇರಿಯವರೆಗೆ. ಅಲ್ಲಿಂದ ಮನೆಯವರೆಗಿನ ದಾರಿಗೆ ಬೀದಿಯ ಹೆಸರೇ ಬೇಕು. ಅದನ್ನು ಅಂಚೆಯಣ್ಣನ ನೆನಪಿಗೆ ಬಿಟ್ಟರೆ, ಅವರು ನಿವೃತ್ತರಾದ ದಿನ ಆ ಜ್ಞಾನವೂ ಹೊರಟುಹೋಗುತ್ತದೆ. ಆದ್ದರಿಂದ ಹೆಸರು ಬದಲಿಸುವ ಪ್ರತಿ ಆದೇಶದಲ್ಲೂ ಹಳೆಯ ಹೆಸರು, ಹೊಸ ಹೆಸರು, ಬದಲಾದ ತಾರೀಖು ಒಟ್ಟಿಗೆ ಇರಬೇಕು. ಆ ಪಟ್ಟಿ ನಾಗರಿಕರೆಲ್ಲರ ಕೈಗೂ ಸಿಗುವಂತಿರಬೇಕು.